ಅಸಲ್ ಉತ್ತರ್‌ನ ಕಬ್ಬಿನ ಗದ್ದೆಯಲ್ಲಿ ಸುಟ್ಟ ಪ್ಯಾಟನ್: ಡಯೋರಾಮಾ ಕಟ್ಟುವ ಬಗೆ

ಹಾಳಾದ ಟ್ಯಾಂಕ್‌ನ ಡಯೋರಾಮಾಗಳು, ಅಂದರೆ ಒಂದು ದೃಶ್ಯವನ್ನು ಚಿಕ್ಕ ಅಳತೆಯಲ್ಲಿ ಕಟ್ಟಿದ ಮಾದರಿಗಳು, ಎಷ್ಟೋ ಇವೆ. ಹೆಚ್ಚಿನವು ಒಂದೇ ಥರ ಕಾಣುತ್ತವೆ. ಮೈತುಂಬ ಕಂದು ತುಕ್ಕು, ಅಲ್ಲೊಂದು ಇಲ್ಲೊಂದು ತೂತು, ಸುತ್ತ ಒಂದಿಷ್ಟು ಇಟ್ಟಿಗೆ ಚೂರು. ಕೈಕೆಲಸ ಚೆನ್ನಾಗಿಯೇ ಇರುತ್ತದೆ. ಆದರೆ ಆ ಟ್ಯಾಂಕಿಗೆ ಏನಾಯಿತು ಅಂತ ಮಾತ್ರ ತಿಳಿಯುವುದಿಲ್ಲ. ಗುಂಡು ಯಾವ ಕಡೆಯಿಂದ ಬಂತು? ಬೆಂಕಿ ಎಲ್ಲಿ ಹತ್ತಿತು? ಇದು ನಿನ್ನೆಯ ಕಥೆಯೋ, ಹತ್ತು ವರ್ಷದ ಹಿಂದಿನದೋ? ಈ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡು ಕೆಲಸ ಶುರು ಮಾಡಿದರೆ ಪ್ರತಿ ಕಲೆಗೂ, ಪ್ರತಿ ಗೀರಿಗೂ ಒಂದು ಕಾರಣ ಸಿಗುತ್ತದೆ. ಈ ಲೇಖನದಲ್ಲಿ ಆ ರೀತಿಯಲ್ಲೇ ಒಂದು ಡಯೋರಾಮಾವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟೋಣ.

ನಾನು ಆರಿಸಿಕೊಂಡ ಜಾಗ ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ್ ಗ್ರಾಮ. ಭಾರತ ಪಾಕಿಸ್ತಾನ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಅಲ್ಲಿ ದೊಡ್ಡ ಟ್ಯಾಂಕ್ ಕಾಳಗ ನಡೆಯಿತು. ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಜನ್ ಅಮೆರಿಕದ ಪ್ಯಾಟನ್ ಟ್ಯಾಂಕ್‌ಗಳೊಂದಿಗೆ ನುಗ್ಗಿತು. ಎದುರಿಗೆ ಮೇಜರ್ ಜನರಲ್ ಗುರ್ಬಕ್ಷ್ ಸಿಂಗ್ ಅವರ 4ನೇ ಮೌಂಟನ್ ಡಿವಿಜನ್ ಇತ್ತು, ಬ್ರಿಗೇಡಿಯರ್ ಥಿಯೋಗರಾಜ್ ಅವರ ಆರ್ಮರ್ಡ್ ಬ್ರಿಗೇಡ್ ಇತ್ತು. ಭಾರತದ ಪಡೆ ಹಿಂದೆ ಸರಿದು, ಕುದುರೆ ಲಾಳದ ಆಕಾರದಲ್ಲಿ ಕಬ್ಬಿನ ಗದ್ದೆಗಳ ಮರೆಯಲ್ಲಿ ಕಾಯಿತು. ಕಾಲುವೆ ಒಡೆದು ಗದ್ದೆಗಳಿಗೆ ನೀರು ಬಿಟ್ಟಿತು. ಸುಮಾರು 46 ಟನ್ ತೂಕದ ಪ್ಯಾಟನ್‌ಗಳು ಕೆಸರಿನಲ್ಲಿ ನಿಧಾನವಾದವು, ಕೆಲವು ಹೂತೇ ಹೋದವು. ಅವುಗಳ ಪಕ್ಕೆಗೆ ಗುಂಡು ಬಿತ್ತು. ಭಾರತದ ಲೆಕ್ಕದಂತೆ ಅಲ್ಲಿ ಪಾಕಿಸ್ತಾನ ಕಳೆದುಕೊಂಡ ಟ್ಯಾಂಕ್‌ಗಳು 97. ವಶಕ್ಕೆ ಸಿಕ್ಕ ಟ್ಯಾಂಕ್‌ಗಳನ್ನು ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಜನ ಪ್ಯಾಟನ್ ನಗರ ಅಂತಲೇ ಹೆಸರಿಟ್ಟರು.

ಡಯೋರಾಮಾ ಮಾಡುವವರಿಗೆ ಇಲ್ಲಿ ಕೆಸರು, ನೀರು, ಬೆಂಕಿ, ಹಸಿರು ನಾಲ್ಕೂ ಒಂದೇ ಜಾಗದಲ್ಲಿ ಸಿಗುತ್ತವೆ. ಇನ್ನೊಂದು ಅನುಕೂಲವೂ ಇದೆ. ಕಬ್ಬನ್ನು ಹತ್ತಿರದಿಂದ ನೋಡಬೇಕಾದರೆ ಮಂಡ್ಯದ್ದೋ ಬೆಳಗಾವಿಯದ್ದೋ ಗದ್ದೆ ನಮಗೆ ಪಕ್ಕದಲ್ಲೇ ಇದೆ.

ಮೊದಲು ಕಥೆ ಬರೆದುಕೊಳ್ಳಿ

ಪ್ಲಾಸ್ಟಿಕ್ ಟ್ಯಾಂಕ್ ಕಿಟ್‌ನ ಡಬ್ಬಿ ತೆರೆಯುವ ಮೊದಲು ಒಂದು ಹಾಳೆಯಲ್ಲಿ ನಾಲ್ಕೈದು ಸಾಲು ಬರೆಯಿರಿ. ನನ್ನ ಸಾಲುಗಳು ಹೀಗಿವೆ: ಎಂ47 ಪ್ಯಾಟನ್ ಒಂದು ಕಬ್ಬು ತುಳಿಯುತ್ತಾ ಬಂತು. ಬದು ದಾಟುವಾಗ ಅದರ ಮೂತಿ ನೀರು ನಿಂತ ಗದ್ದೆಗೆ ಇಳಿದು ಹೂತಿತು. ಬಲಪಕ್ಕೆಯಿಂದ ಜೀಪಿನ ಮೇಲಿನ 106 ಎಂ.ಎಂ. ರಿಕಾಯಿಲ್‌ಲೆಸ್ ಗನ್ (ಹಾರಿಸಿದಾಗ ಹಿಂದಕ್ಕೆ ಒದೆಯದ ಹಗುರ ತೋಪು) ಹೊಡೆಯಿತು. ಗುಂಡು ಹಿಂಭಾಗದ ಎಂಜಿನ್ ಕೋಣೆಗೆ ಬಿದ್ದು ಪೆಟ್ರೋಲ್ ಹೊತ್ತಿಕೊಂಡಿತು. ಒಳಗಿದ್ದವರು ಇಳಿದು ಓಡಿದರು. ಈಗ ನಾವು ನೋಡುತ್ತಿರುವುದು ಎರಡು ದಿನದ ನಂತರ.

ಇಷ್ಟು ಬರೆದರೆ ಅರ್ಧ ತೀರ್ಮಾನಗಳು ತಾವೇ ಆಗಿಬಿಡುತ್ತವೆ. ಬೆಂಕಿ ಹಿಂದೆ, ನೀರು ಮುಂದೆ. ಸುಟ್ಟ ಕಡೆ ಹೊಸ ತುಕ್ಕು, ಮುಂದಿನ ಅರ್ಧ ಇನ್ನೂ ಹಸಿರು. ಮದ್ದುಗುಂಡು ಸಿಡಿದಿಲ್ಲ, ಹಾಗಾಗಿ ಟರೆಟ್, ಅಂದರೆ ತೋಪು ಹೊತ್ತು ತಿರುಗುವ ಮೇಲಿನ ಭಾಗ, ತನ್ನ ಜಾಗದಲ್ಲೇ ಇದೆ. ಮುಚ್ಚಳಗಳು ತೆರೆದಿವೆ, ಯಾಕೆಂದರೆ ಒಳಗಿನವರು ಹೊರಬಂದಿದ್ದಾರೆ. ಎರಡೇ ದಿನ ಆಗಿರುವುದರಿಂದ ಕಬ್ಬು ಒಣಗಿಲ್ಲ, ಬಾಡಿದೆ ಅಷ್ಟೇ. ಕೆಲಸದ ನಡುವೆ ಏನು ಮಾಡಬೇಕು ಅಂತ ಗೊಂದಲವಾದಾಗಲೆಲ್ಲ ಈ ಹಾಳೆ ನೋಡಿ.

ಜೀಪಿನ ಗನ್ ಅಂದಾಗ ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಿಲ್ದಾರ್ ಅಬ್ದುಲ್ ಹಮೀದ್ ನೆನಪಾಗಲೇಬೇಕು. 4ನೇ ಗ್ರೆನೇಡಿಯರ್ಸ್‌ನ ಅವರು ಚೀಮಾ ಗ್ರಾಮದ ಬಳಿ ಇಂಥದ್ದೇ ಗನ್ ಹೊತ್ತ ಜೀಪಿನಿಂದ ಹಲವು ಪ್ಯಾಟನ್‌ಗಳನ್ನು ಕೆಡವಿದರು. ಸೆಪ್ಟೆಂಬರ್ 10ರಂದು ಅಲ್ಲೇ ಹುತಾತ್ಮರಾದರು. ಮರಣೋತ್ತರವಾಗಿ ಅವರಿಗೆ ಪರಮವೀರ ಚಕ್ರ ಬಂತು. ನಾವು ಮಾಡುತ್ತಿರುವುದು ಅವರು ಹೊಡೆದ ನಿರ್ದಿಷ್ಟ ಟ್ಯಾಂಕ್ ಅಂತ ಹೇಳಿಕೊಳ್ಳಬೇಡಿ. ಅದಕ್ಕೆ ಆಧಾರ ಬೇಕು. ಆ ಕಾಳಗದಲ್ಲಿ ಹೀಗೆ ಆಗಿರಬಹುದಾದ ಒಂದು ಟ್ಯಾಂಕ್, ಅಷ್ಟೇ.

ಕಿಟ್ ಆರಿಸುವುದು

ಅಲ್ಲಿ ಎಂ47, ಎಂ48 ಎರಡೂ ಇದ್ದವು. ಇವೆರಡನ್ನೂ ಗುರುತಿಸುವುದು ಸುಲಭ. ಎಂ47ರ ಟರೆಟ್ ಮುಂದೆ ಚೂಪಾಗಿ, ಹಿಂದೆ ಉದ್ದಕ್ಕೆ ಚಾಚಿಕೊಂಡಿದೆ. ಮುಂದೆ ಡ್ರೈವರ್ ಪಕ್ಕದಲ್ಲಿ ಇನ್ನೊಬ್ಬ ಮೆಷಿನ್ ಗನ್ನರ್ ಕೂರುತ್ತಿದ್ದ, ಒಟ್ಟು ಐದು ಜನ. ಎಂ48ರ ಟರೆಟ್ ಗುಂಡಗೆ, ಜನ ನಾಲ್ಕೇ. ಎರಡರದ್ದೂ 90 ಎಂ.ಎಂ. ತೋಪು.

1/35 ಅಳತೆಯಲ್ಲಿ ಎಂ47ಕ್ಕೆ ಇಟಲೇರಿಯ ಹಳೆಯ ಕಿಟ್ ಇದೆ, ಟಾಕೋಮ್‌ನ ಹೊಸದು ಇದೆ. ಹಾಳಾದ ಟ್ಯಾಂಕ್ ಮಾಡಲು ದುಬಾರಿ ಕಿಟ್ ಬೇಕು ಅಂತೇನಿಲ್ಲ. ಹಳೆಯ ಕಿಟ್‌ನ ಮೊಂಡು ವಿವರಗಳನ್ನು ಬೆಂಕಿ ಮತ್ತು ಕೆಸರು ಮುಚ್ಚುತ್ತವೆ. ಆದರೆ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಪಟ್ಟಿ) ಮಾತ್ರ ಬಿಡಿ ಬಿಡಿ ಕೊಂಡಿಯದ್ದಾಗಿರಲಿ. ರಬ್ಬರ್ ಪಟ್ಟಿಯಂಥ ಟ್ರ್ಯಾಕ್ ಜೋತುಬೀಳುವುದಿಲ್ಲ, ಕಡಿದು ಬಿದ್ದ ಹಾಗೆ ಮಾಡಲೂ ಆಗುವುದಿಲ್ಲ. ಟಮಿಯಾದ ಎಂ48ಎ3 ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ತೆಗೆದುಕೊಳ್ಳಬೇಡಿ. ಅದು ಡೀಸೆಲ್ ಎಂಜಿನ್‌ನ ಮಾದರಿ, ಹಿಂಭಾಗದ ಜಾಲರಿಯೇ ಬೇರೆ. ನಮ್ಮ ಕಥೆಗೆ ಬೇಕಿರುವುದು ಪೆಟ್ರೋಲ್ ಎಂಜಿನ್.

ನಿಜವಾದ ಪ್ಯಾಟನ್ ನೋಡಬೇಕೆಂದರೆ ಮಹಾರಾಷ್ಟ್ರದ ಅಹಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಹೋಗಬಹುದು. ಉತ್ತರ ಕರ್ನಾಟಕದವರಿಗೆ ಇದು ತೀರಾ ದೂರವಲ್ಲ. ಅಲ್ಲಿ ಎರಕದ ಉಕ್ಕಿನ ಒರಟು ಮೈ, ಬೆಸುಗೆಯ ಗೆರೆ, ಚಕ್ರದ ರಬ್ಬರಿನ ದಪ್ಪ ಇವನ್ನು ಕಣ್ಣಾರೆ ನೋಡಿ. ಬಣ್ಣವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬೇಡಿ. ಬಯಲಲ್ಲಿ ನಿಲ್ಲಿಸಿದ ಟ್ಯಾಂಕ್‌ಗಳಿಗೆ ಮತ್ತೆ ಮತ್ತೆ ಪೇಂಟ್ ಹೊಡೆದಿರುತ್ತಾರೆ. ಬಣ್ಣಕ್ಕೆ, ಗುರುತುಗಳಿಗೆ 1965ರ ಫೋಟೋಗಳೇ ಆಧಾರ.

ಉಳಿದ ಸಾಮಾನು ಹೆಚ್ಚೇನಿಲ್ಲ. ಪ್ಲಾಸ್ಟಿಕ್ ಸಿಮೆಂಟ್, ಫೆವಿಕ್ವಿಕ್, ಫೆವಿಕಾಲ್, ಎಂ-ಸೀಲ್, ಹರಿತವಾದ ಹಾಬಿ ಚಾಕು, ಕೈಯಲ್ಲಿ ತಿರುಗಿಸುವ ಪಿನ್ ವೈಸ್, ಅದಕ್ಕೆ ಅರ್ಧ ಮಿಲಿಮೀಟರ್‌ನಿಂದ ಒಂದೂವರೆಯವರೆಗಿನ ಡ್ರಿಲ್ ಬಿಟ್‌ಗಳು. ಅಕ್ರಿಲಿಕ್ ಬಣ್ಣ, ಒಂದೆರಡು ಆಯಿಲ್ ಪೇಂಟ್ ಟ್ಯೂಬ್, ಟರ್ಪೆಂಟೈನ್, ಹೇರ್‌ಸ್ಪ್ರೇ, ಮ್ಯಾಟ್ ವಾರ್ನಿಷ್. ಏರ್‌ಬ್ರಷ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ನೆಲದ ಲೆಕ್ಕ

1/35 ಅಂದರೆ ನಮ್ಮ ಒಂದು ಸೆಂಟಿಮೀಟರ್ ನಿಜದಲ್ಲಿ 35 ಸೆಂಟಿಮೀಟರ್. ಎಲ್ಲ ಅಳತೆಯನ್ನೂ 35ರಿಂದ ಭಾಗಿಸುವ ಅಭ್ಯಾಸ ಮಾಡಿಕೊಳ್ಳಿ. ತೋಪು ಮುಂದಿಟ್ಟಾಗ ಎಂ47ರ ಉದ್ದ ಸುಮಾರು 8.5 ಮೀಟರ್, ಅಗಲ 3.5 ಮೀಟರ್. ಮಾದರಿಯಲ್ಲಿ ಅದು 24 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. 30 ಸೆಂಟಿಮೀಟರ್ ಉದ್ದ, 25 ಅಗಲದ ಪ್ಲೈವುಡ್ ಹಲಗೆ ಸಾಕು. ಇನ್ನೂ ದೊಡ್ಡದು ತೆಗೆದುಕೊಂಡರೆ ತುಂಬಿಸಲು ಕಬ್ಬು ಜಾಸ್ತಿ ಬೇಕಾಗುತ್ತದೆ. ಪ್ರತಿ ಗಳವನ್ನೂ ಕೈಯಲ್ಲೇ ಮಾಡಬೇಕು ಅನ್ನುವುದು ನೆನಪಿರಲಿ!

ಹಲಗೆಯ ಎರಡೂ ಮುಖಕ್ಕೆ, ಅಂಚುಗಳಿಗೆ ವಾರ್ನಿಷ್ ಬಳಿಯಿರಿ. ಇಲ್ಲದಿದ್ದರೆ ಫೆವಿಕಾಲ್ ನೀರು ಕುಡಿದು ಅದು ಸೊಟ್ಟಗಾಗುತ್ತದೆ. ಮೇಲೆ ಗಟ್ಟಿ ಫೋಮ್ ಎರಡು ಪದರ ಅಂಟಿಸಿ. ಸಾದಾ ಥರ್ಮಾಕೋಲ್ ಕಾಳು ಕಾಳಾಗಿ ಉದುರುತ್ತದೆ. ಕಟ್ಟಡಗಳಲ್ಲಿ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ ಹಲಗೆ ಸಿಕ್ಕರೆ ಚಾಕುವಿನಲ್ಲಿ ನಯವಾಗಿ ಕೊರೆಯಬಹುದು.

ಈಗ ಬರೀ ಜೋಡಿಸಿದ ಟ್ಯಾಂಕನ್ನು, ಬಣ್ಣ ಹಚ್ಚುವ ಮೊದಲೇ, ಫೋಮ್ ಮೇಲಿಟ್ಟು ನೋಡಿ. ಹಲಗೆಯ ಅಂಚಿಗೆ ನೇರವಾಗಿ ಇಡಬೇಡಿ, ಓರೆಯಾಗಿಡಿ. ಟರೆಟ್ಟನ್ನು ಬಲಕ್ಕೆ ತಿರುಗಿಸಿ. ಗುಂಡು ಬಂದ ಕಡೆಗೆ ತಿರುಗಲು ಹೊರಟು ಅರ್ಧಕ್ಕೇ ನಿಂತಂತೆ ಇರಲಿ. ಬದುವಿನ ಗೆರೆ ಹಲಗೆಯನ್ನು ಅಡ್ಡ ಸೀಳಿ ಹೋಗಲಿ. ಅದರ ಎತ್ತರ ಒಂದರಿಂದ ಒಂದೂವರೆ ಸೆಂಟಿಮೀಟರ್, ಅಂದರೆ ನಿಜದಲ್ಲಿ ಮೊಣಕಾಲಿನಷ್ಟು. ಬದುವಿನ ಹಿಂದೆ ಒಣ ಗದ್ದೆ, ಮುಂದೆ ನೀರಿನ ಗದ್ದೆ.

ಟ್ಯಾಂಕಿನ ಹೊಟ್ಟೆ ಮತ್ತು ನೆಲದ ನಡುವೆ ನಿಜದಲ್ಲಿ ಅರ್ಧ ಮೀಟರಿಗಿಂತ ಸ್ವಲ್ಪ ಕಡಿಮೆ ಜಾಗ ಇರುತ್ತದೆ. ಮಾದರಿಯಲ್ಲಿ 13 ಮಿಲಿಮೀಟರ್. ಮುಂದಿನ ಚಕ್ರಗಳ ಕೆಳಗೆ ಅಷ್ಟು ಆಳ ಕೊರೆದರೆ ಹೊಟ್ಟೆ ಕೆಸರಿಗೆ ತಾಗುತ್ತದೆ. ಹಾಗೆ ತಾಗಿದ ಮೇಲೆ ಟ್ರ್ಯಾಕ್ ಎಷ್ಟು ತಿರುಗಿದರೂ ಗಾಡಿ ಏಳುವುದಿಲ್ಲ. ಟ್ರ್ಯಾಕ್‌ನ ಅಗಲ 17 ಮಿಲಿಮೀಟರ್, ಒಂದರ ನಡುಗೆರೆಯಿಂದ ಇನ್ನೊಂದರ ನಡುಗೆರೆಗೆ 8 ಸೆಂಟಿಮೀಟರ್. ಹಿಂದಿನ ಒಣ ನೆಲದಲ್ಲಿ ಈ ಅಳತೆಗೆ ಎರಡು ಜಾಡು ಎಳೆಯಿರಿ. ಅಲ್ಲಿ ಆಳ ಎರಡು ಮೂರು ಮಿಲಿಮೀಟರ್ ಸಾಕು. ಬದುವಿನ ಹತ್ತಿರ ಬಂದಂತೆ ಆಳವಾಗಲಿ, ಬದು ಎರಡು ಕಡೆ ಒಡೆದುಹೋಗಿರಲಿ.

ಟ್ಯಾಂಕನ್ನು ಕೆಡಿಸುವುದು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಕಿನ ಕವಚ ಮಡಚುವುದಿಲ್ಲ, ಹರಿಯುವುದಿಲ್ಲ. ಅದು ಹಲವು ಬೆರಳುಗಳಷ್ಟು ದಪ್ಪವಿರುವ ಉಕ್ಕು. ಮಡಚಿ ಹರಿಯುವುದೆಲ್ಲ ತೆಳು ತಗಡಿನದು: ಟ್ರ್ಯಾಕ್ ಮೇಲಿನ ಫೆಂಡರ್, ಸಾಮಾನಿನ ಪೆಟ್ಟಿಗೆಗಳು, ಹಿಂದಿನ ಸೈಲೆನ್ಸರ್‌ನ ಹೊದಿಕೆ, ದೀಪದ ಕಾವಲು ಕಂಬಿ. ಕವಚಕ್ಕೆ ಬಿಸಿ ಚಾಕು ಇಟ್ಟು ಕರಗಿಸಿದ ಮಾದರಿಗಳನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಪ್ಲಾಸ್ಟಿಕ್ ಕರಗಿದಂತೆಯೇ ಕಾಣುತ್ತದೆ, ಉಕ್ಕು ಅನ್ನಿಸುವುದಿಲ್ಲ.

ಹಾಗಾಗಿ ಬಲಗಡೆಯ ಹಿಂದಿನ ಫೆಂಡರ್ ಕತ್ತರಿಸಿ ತೆಗೆಯಿರಿ. ಅದರ ಜಾಗಕ್ಕೆ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನ ತಗಡು ಕತ್ತರಿಸಿ ಅಂಟಿಸಿ. ಹೋಟೆಲಿನ ಪಾರ್ಸಲ್ ಬರುವ ಫಾಯಿಲ್ ಡಬ್ಬಿ ಇನ್ನೂ ಮೆದು, ಸಣ್ಣ ಪೆಟ್ಟಿಗೆಗಳಿಗೆ ಅದೇ ಒಳ್ಳೆಯದು. ಅಂಟಿಸಿದ ಮೇಲೆ ಚಿಮಟದಿಂದ ಸ್ವಲ್ಪ ಮೇಲಕ್ಕೆ ತಿರುಚಿ. ಎಡಗಡೆ ಮುಂದಿನ ಫೆಂಡರ್ ಕಬ್ಬು, ಬದು ತಾಗಿ ಒಳಕ್ಕೆ ಬಾಗಿರಲಿ. ಹರಿಯುವುದು ಬೇಡ, ಅಲ್ಲಿಗೆ ಗುಂಡು ಬಿದ್ದಿಲ್ಲ.

ಇನ್ನು ಗುಂಡಿನ ತೂತು. 106 ಎಂ.ಎಂ. ಗನ್ನಿನ ಹೀಟ್ (HEAT) ಗುಂಡು, ಅಂದರೆ ಟ್ಯಾಂಕ್ ಕವಚ ಚುಚ್ಚುವ ಸ್ಫೋಟಕ ಗುಂಡು, ಉಕ್ಕನ್ನು ಒಡೆಯುವುದಿಲ್ಲ. ಅದರೊಳಗಿನ ಶಂಕುವಿನಾಕಾರದ ತಾಮ್ರದ ಪದರ ಸ್ಫೋಟದ ಒತ್ತಡಕ್ಕೆ ಸಣ್ಣ ಧಾರೆಯಾಗಿ ಚಿಮ್ಮಿ ಕವಚವನ್ನು ಚುಚ್ಚುತ್ತದೆ. ಹೊರಗೆ ಕಾಣುವ ತೂತು ಹೆಬ್ಬೆರಳಿನಷ್ಟು. ಮಾದರಿಯಲ್ಲಿ ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಪಿನ್ ವೈಸ್‌ನಿಂದ ಬಲಪಕ್ಕೆಯಲ್ಲಿ, ಚಕ್ರಗಳ ಮೇಲೆ, ಫೆಂಡರಿನ ಕೆಳಗೆ ಒಂದೇ ಒಂದು ತೂತು ಕೊರೆಯಿರಿ. ಸುತ್ತ ನಕ್ಷತ್ರದ ಹಾಗೆ ಸಣ್ಣ ಗೀರುಗಳನ್ನು ಚಾಕುತುದಿಯಿಂದ ಎಳೆಯಿರಿ. ಅದು ಗುಂಡು ಹೊರಗೆ ಸಿಡಿದ ಗುರುತು. ಇಷ್ಟು ದೊಡ್ಡ ಗಾಡಿಗೆ ಇಷ್ಟು ಚಿಕ್ಕ ತೂತು! ನೋಡುವವರು ಅದನ್ನು ಹುಡುಕಿ ಕಂಡುಕೊಂಡಾಗ ಇಡೀ ದೃಶ್ಯ ಅರ್ಥವಾಗುತ್ತದೆ. ಭಾರತದ ಸೆಂಚುರಿಯನ್ ಟ್ಯಾಂಕ್ ಹೊಡೆದದ್ದು ಅಂತ ಕಥೆ ಬದಲಿಸಿದರೆ ತೂತು ಇನ್ನಷ್ಟು ದೊಡ್ಡದಾಗಿ, ಅಂಚು ಸ್ವಚ್ಛವಾಗಿ ಇರಬೇಕು. ಆಗ ಒಂದರಿಂದ ಒಂದೂವರೆ ಮಿಲಿಮೀಟರ್ ಕೊರೆಯಿರಿ.

ಬೆಂಕಿಯ ಪರಿಣಾಮ ಚಕ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ. ಎಂ47ಕ್ಕೆ ಒಂದು ಬದಿಗೆ ಆರು ಜೋಡಿ ಚಕ್ರ, ಎಲ್ಲಕ್ಕೂ ರಬ್ಬರಿನ ಹೊದಿಕೆ. ಎಂಜಿನ್ ಉರಿದಾಗ ಹತ್ತಿರದ ರಬ್ಬರ್ ಹೊತ್ತಿ ಪೂರ್ತಿ ಬೂದಿಯಾಗುತ್ತದೆ. ಬಲಗಡೆಯ ಕೊನೆಯ ಎರಡು ಜೋಡಿಯ ಅಂಚನ್ನು ಸುಮಾರು ಒಂದೂವರೆ ಮಿಲಿಮೀಟರ್ ಅರದಿಂದ ಉಜ್ಜಿ ತೆಗೆಯಿರಿ. ಮೂರನೆಯದು ಅರ್ಧ ಸುಟ್ಟಿರಲಿ. ಚಕ್ರಗಳನ್ನು ತಡೆದಿಡುವ ಟಾರ್ಷನ್ ಬಾರ್ ಅನ್ನುವ ಉಕ್ಕಿನ ಸರಳುಗಳೂ ಜೋರು ಬೆಂಕಿಗೆ ತಮ್ಮ ಬಿಗಿ ಕಳೆದುಕೊಳ್ಳುತ್ತವೆ. ಆಗ ಗಾಡಿ ಆ ಮೂಲೆಯಲ್ಲಿ ಕುಸಿಯುತ್ತದೆ. ಚಕ್ರದ ತೋಳುಗಳನ್ನು ಕತ್ತರಿಸಿ ಸ್ವಲ್ಪ ಮೇಲಕ್ಕೆ ಅಂಟಿಸಿದರೆ ಈ ಕುಸಿತ ಬರುತ್ತದೆ. ಅದರಿಂದ ಮೇಲಿನ ಟ್ರ್ಯಾಕ್ ಸಡಿಲವಾಗಿ ಜೋತುಬೀಳುತ್ತದೆ, ಅದನ್ನೂ ತೋರಿಸಿ.

ತೆರೆದ ಮುಚ್ಚಳದೊಳಗೆ ಬಿಳಿ ಪ್ಲಾಸ್ಟಿಕ್ ಕಾಣಬಾರದು. ಒಳಗೆ ಕಪ್ಪು ಬಳಿದು, ಒಂದೆರಡು ತಂತಿ ತುಂಡು, ಸೀಟಿನ ಚೌಕಟ್ಟು ಕಾಣುವಂತಿಟ್ಟರೆ ಸಾಕು. ಎಂಜಿನ್ ಮೇಲಿನ ಜಾಲರಿಯ ಒಂದೆರಡು ಬಾಗಿಲು ತೆರೆದಿಟ್ಟರೆ ಒಳಗೆ ಎಂಜಿನ್ ಮಾಡಬೇಕಾಗುತ್ತದೆ. ಮುಚ್ಚಿಡುವುದೇ ವಾಸಿ.

ಬೆಂಕಿಯ ಬಣ್ಣ

ಮೊದಲು ಪ್ರೈಮರ್, ಆಮೇಲೆ ಇಡೀ ಟ್ಯಾಂಕಿಗೆ ಕಡು ಆಲಿವ್ ಹಸಿರು. ಹೌದು, ಸುಡುವ ಭಾಗಕ್ಕೂ. ಸುಟ್ಟ ಜಾಗದಲ್ಲಿ ಮಾತ್ರ ಹಸಿರಿನ ಕೆಳಗೆ ತುಕ್ಕಿನ ಬಣ್ಣ ಹಾಕಿ, ಒಣಗಿದ ಮೇಲೆ ಹೇರ್‌ಸ್ಪ್ರೇ ಎರಡು ಸಲ ಹೊಡೆದು, ಅದರ ಮೇಲೆ ಹಸಿರು ಬಳಿಯಿರಿ. ಅರ್ಧ ಗಂಟೆಯೊಳಗೆ ಒದ್ದೆ ಬ್ರಷ್‌ನಿಂದ ಉಜ್ಜಿದರೆ ಹಸಿರು ಪದರ ಪದರವಾಗಿ ಎದ್ದು ಕೆಳಗಿನ ತುಕ್ಕು ಕಾಣುತ್ತದೆ. ನಿಜವಾದ ಪೇಂಟ್ ಶಾಖಕ್ಕೆ ಗುಳ್ಳೆ ಎದ್ದು ಉದುರುವುದೂ ಹೀಗೇ. ಇದಕ್ಕೆ ಅಕ್ರಿಲಿಕ್ ಬಣ್ಣವೇ ಬೇಕು.

ಈಗ ಮುಖ್ಯವಾದ ವಿಷಯ. ಬೆಂಕಿ ಎಲ್ಲಿ ಜಾಸ್ತಿ ಉರಿಯಿತೋ ಅಲ್ಲಿ ಮಸಿ ಇರುತ್ತದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಶಾಖ ತೀರಾ ಜಾಸ್ತಿಯಾದ ಕಡೆ ಮಸಿಯೂ ಸುಟ್ಟುಹೋಗುತ್ತದೆ. ಅಲ್ಲಿ ಬರೀ ಉಕ್ಕು ಬೂದು ಬಣ್ಣಕ್ಕೆ ತಿರುಗಿ, ಮರುದಿನದ ಇಬ್ಬನಿಗೇ ಕಿತ್ತಳೆ ತುಕ್ಕು ಹಿಡಿಯುತ್ತದೆ. ಮಸಿ ಇರುವುದು ಅದರ ಅಂಚಿನಲ್ಲಿ, ಹೊಗೆ ಹೋದ ದಾರಿಯಲ್ಲಿ. ಹಾಗಾಗಿ ಎಂಜಿನ್ ಜಾಲರಿಯ ನಡುವೆ ಬೂದು ಮತ್ತು ಕಿತ್ತಳೆ ಇರಲಿ, ಸುತ್ತ ಕಪ್ಪು, ಅದರಾಚೆ ಕಂದು, ಆಮೇಲೆ ಬಣ್ಣ ಮಾಸಿದ ಹಸಿರು. ಟರೆಟ್ಟಿನ ಹಿಂಭಾಗದ ಅಡಿಯಲ್ಲಿ ಮಸಿ ದಟ್ಟವಾಗಿರಲಿ, ಜ್ವಾಲೆ ಅಲ್ಲಿಗೆ ತಾಗಿದೆ. ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಅಂತ ಮೊದಲೇ ತೀರ್ಮಾನಿಸಿ, ಮಸಿಯನ್ನೆಲ್ಲ ಅದೇ ದಿಕ್ಕಿಗೆ ಎಳೆಯಿರಿ.

ತುಕ್ಕಿಗೆ ಅಂಗಡಿಯ ಪಿಗ್ಮೆಂಟ್ ಪುಡಿ ಬೇಕಾಗಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಕಾವಿ ಅಂದರೆ ಕಬ್ಬಿಣದ ಆಕ್ಸೈಡ್ ತುಂಬಿದ ಮಣ್ಣೇ. ತುಕ್ಕಿಗೂ ಅದಕ್ಕೂ ಮೂಲ ಒಂದೇ. ಅದನ್ನು ನುಣ್ಣಗೆ ಅರೆದು ಹಳೆಯ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಕಾವಿ ಒಂದೇ ಆದರೆ ತೀರಾ ಕೆಂಪಾಗುತ್ತದೆ. ಎರಡು ದಿನದ ತುಕ್ಕು ಕಿತ್ತಳೆಗೆ ಹತ್ತಿರ. ಹಳದಿ, ಕಿತ್ತಳೆ ಸಾಫ್ಟ್ ಪೇಸ್ಟಲ್ ಪುಡಿ ಬೆರೆಸಿದರೆ ಸರಿಯಾದ ಬಣ್ಣ ಬರುತ್ತದೆ. ಕಡು ಕಂದು ತುಕ್ಕು ಬೇಡವೇ ಬೇಡ, ಅದು ತಿಂಗಳುಗಳ ಕೆಲಸ. ಪುಡಿಯನ್ನು ಒಣ ಬ್ರಷ್‌ನಿಂದ ಉದುರಿಸಿ, ಟರ್ಪೆಂಟೈನ್ ಹನಿ ತಾಗಿಸಿ ಕೂರಿಸಿ. ರಬ್ಬರ್ ಸುಟ್ಟ ಚಕ್ರಗಳ ಅಂಚಿಗೆ, ಅವುಗಳ ಕೆಳಗಿನ ನೆಲಕ್ಕೆ ಒಲೆಯ ಬೂದಿ ಜರಡಿ ಹಿಡಿದು ಹಾಕಿ. ಬಿಳಿ ಬೂದಿ ಎದ್ದು ಕಾಣುತ್ತದೆ.

ಮುಂದಿನ ಅರ್ಧ ಹಸಿರಾಗಿಯೇ ಇರಲಿ. ಧೂಳು, ಗೀರು, ಕಬ್ಬು ಉಜ್ಜಿದ ಗುರುತು, ಎಣ್ಣೆ ಸೋರಿದ ಕಲೆ ಸಾಕು. ಆಯಿಲ್ ಪೇಂಟನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಸಂದುಗಳಿಗೆ ಬಿಟ್ಟರೆ ಬೋಲ್ಟ್, ಬೆಸುಗೆಗಳು ಎದ್ದು ಬರುತ್ತವೆ. ಈ ಕೆಲಸಗಳಿಗೆಲ್ಲ ಕಿಟಕಿ ತೆರೆದಿಡಿ. ಪುಡಿ ಅರೆಯುವಾಗ, ಸ್ಪ್ರೇ ಮಾಡುವಾಗ ಮಾಸ್ಕ್ ಹಾಕಿಕೊಳ್ಳಿ.

ಪಂಜಾಬಿನ ಮಣ್ಣು

ನಮ್ಮ ಹಿತ್ತಲಿನ ಕೆಂಪು ಮಣ್ಣು ಇಲ್ಲಿಗೆ ಹೊಂದುವುದಿಲ್ಲ. ವಿಜಯಪುರದ ಎರೆಮಣ್ಣೂ ಅಲ್ಲ. ಪಂಜಾಬಿನದು ನದಿಗಳು ತಂದು ಹಾಕಿದ ಮೆಕ್ಕಲು, ಒಣಗಿದಾಗ ತಿಳಿ ಬೂದುಗಂದು. ಕೆರೆ ಅಥವಾ ಹೊಳೆಯ ದಡದ ನುಣುಪು ಮೆಕ್ಕಲು ಸಿಕ್ಕರೆ ಅದನ್ನೇ ತನ್ನಿ. ಹಳೆಯ ಕಾವಲಿಯಲ್ಲಿ ಹುರಿದು ಒಣಗಿಸಿದರೆ ಬೂಷ್ಟು ಹಿಡಿಯುವುದಿಲ್ಲ. ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ. ಬಣ್ಣ ಸರಿಯಿಲ್ಲದಿದ್ದರೆ ಪರವಾಗಿಲ್ಲ, ಅಂಟಿಸಿದ ಮೇಲೆ ಅಕ್ರಿಲಿಕ್ ಬಳಿಯಬಹುದು.

ಮಣ್ಣು, ಫೆವಿಕಾಲ್, ನೀರು, ಸ್ವಲ್ಪ ಬಣ್ಣ ಕಲಸಿ ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿಕೊಳ್ಳಿ. ಫೋಮ್ ಮೇಲೆ ತೆಳುವಾಗಿ ಹಚ್ಚಿ. ಒಂದೇ ಸಲ ದಪ್ಪ ಹಚ್ಚಿದರೆ ಬಿರುಕು ಬಿಡುತ್ತದೆ. ಹಸಿ ಇರುವಾಗಲೇ ಟ್ರ್ಯಾಕಿನ ಒಂದು ತುಂಡನ್ನು ಒತ್ತಿ ಜಾಡು ಮೂಡಿಸಿ. ಟ್ಯಾಂಕನ್ನೂ ಇದೇ ಹೊತ್ತಿಗೆ ತನ್ನ ಗುಂಡಿಯಲ್ಲಿ ಒತ್ತಿ ಕೂರಿಸಿ, ಪಕ್ಕಕ್ಕೆ ಉಕ್ಕಿದ ಕೆಸರನ್ನು ಹಾಗೆಯೇ ಬಿಡಿ. ಮಾದರಿ ನೆಲದ ಮೇಲೆ ತೇಲಿದಂತೆ ಕಾಣುವುದು ಡಯೋರಾಮಾದ ದೊಡ್ಡ ದೋಷ. ಭಾರದ ಗಾಡಿ ನೆಲವನ್ನು ಒತ್ತಿದೆ ಅನ್ನಿಸಬೇಕು.

ಕಬ್ಬು

ಈ ಡಯೋರಾಮಾದಲ್ಲಿ ಅತಿ ಹೆಚ್ಚು ಸಮಯ ಹಿಡಿಯುವುದು ಕಬ್ಬು. ಇದಕ್ಕೆ ಅವಸರ ಮಾಡಬೇಡಿ. ಟ್ಯಾಂಕ್ ಹೇಗಿದ್ದರೂ ನಡೆದೀತು, ಕಬ್ಬು ಹುಲ್ಲಿನಂತೆ ಕಂಡರೆ ಜಾಗವೇ ಅಸಲ್ ಉತ್ತರ್ ಅಲ್ಲ.

ಅಳತೆ ನೋಡೋಣ. ಸೆಪ್ಟೆಂಬರಿನಲ್ಲಿ ಬೆಳೆದು ನಿಂತ ಕಬ್ಬು ಎರಡೂವರೆ, ಮೂರು ಮೀಟರ್ ಎತ್ತರ. ಅಂದರೆ ನಮಗೆ ಏಳರಿಂದ ಎಂಟೂವರೆ ಸೆಂಟಿಮೀಟರ್. ಟರೆಟ್ಟಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಮರೆಯಲ್ಲಿ ಜೀಪು, ಗನ್ನು ಅಡಗಲು ಆದದ್ದು ಇದರಿಂದಲೇ. ಗಳದ ದಪ್ಪ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್, ಮಾದರಿಯಲ್ಲಿ ಒಂದು ಮಿಲಿಮೀಟರ್ ಆಸುಪಾಸು. ತೆಂಗಿನ ಗರಿಯ ಕಡ್ಡಿಪೊರಕೆಯ ತುದಿಯ ಕಡೆಯ ಭಾಗ ಸರಿಯಾಗಿ ಇಷ್ಟೇ ದಪ್ಪ ಇರುತ್ತದೆ! ಒಂದು ಪೊರಕೆಯಲ್ಲಿ ಇಡೀ ಗದ್ದೆಗಾಗುವಷ್ಟು ಕಬ್ಬು ಸಿಗುತ್ತದೆ. ತುಳಿದು ಬಾಗಿದ ಗಳಗಳಿಗೆ ಮಾತ್ರ ತಾಮ್ರದ ತಂತಿ ಬಳಸಿ, ಬೇಕಾದ ಹಾಗೆ ಬಗ್ಗುತ್ತದೆ.

ಗಿಣ್ಣು ಇಲ್ಲದ ಕಬ್ಬು ಕಬ್ಬಲ್ಲ. ಕಡ್ಡಿಗೆ ಹಳದಿ ಹಸಿರು ಬಳಿದು, ಮೂರು ನಾಲ್ಕು ಮಿಲಿಮೀಟರಿಗೊಂದು ಫೆವಿಕಾಲ್‌ನ ಸಣ್ಣ ಉಂಗುರ ಎಳೆಯಿರಿ. ಒಣಗಿದ ಮೇಲೆ ಅದರ ಕೆಳಗೆ ಕಂದು ಗೆರೆ, ಮೇಲೆ ಬಿಳಚು ಗೆರೆ. ಕಬ್ಬಿನ ಮೇಲೆ ಮೇಣದಂಥ ಬಿಳಿ ಪುಡಿ ಇರುತ್ತದಲ್ವಾ, ಅದಕ್ಕೆ ತಿಳಿ ಬೂದು ಬಣ್ಣವನ್ನು ಒಣ ಬ್ರಷ್‌ನಿಂದ ಮುಟ್ಟಿಸಿ.

ಎಲೆ ನಿಜದಲ್ಲಿ ಒಂದು, ಒಂದೂವರೆ ಮೀಟರ್ ಉದ್ದ, ಬೆರಳು ಮೂರರಷ್ಟು ಅಗಲ. ನಮಗೆ ಮೂರು ನಾಲ್ಕು ಸೆಂಟಿಮೀಟರ್ ಉದ್ದದ, ಒಂದೂವರೆ ಮಿಲಿಮೀಟರ್ ಅಗಲದ ಪಟ್ಟಿ ಬೇಕು. ಟ್ರೇಸಿಂಗ್ ಕಾಗದದ ಎರಡೂ ಬದಿಗೆ ಹಸಿರು ಬಳಿಯಿರಿ. ಎರಡು ಮೂರು ಬಗೆಯ ಹಸಿರು ಇರಲಿ. ಒಣಗಿದ ಮೇಲೆ ತುದಿ ಚೂಪಾಗುವಂತೆ ಉದ್ದಕ್ಕೆ ಕತ್ತರಿಸಿ. ಮೊಂಡು ಸೂಜಿಯಿಂದ ನಡುವೆ ಗೀರಿದರೆ ಮಡಿಕೆ ಬಿದ್ದು ನಡುನರ ಕಾಣುತ್ತದೆ. ಅದರ ಮೇಲೆ ಬಿಳಿ ಪೆನ್ಸಿಲ್ ಎಳೆಯಿರಿ. ಆಮೇಲೆ ಬೆರಳಿನ ನಡುವೆ ಎಳೆದು ಬಾಗಿಸಿ. ಪ್ರತಿ ಗಳದ ತುದಿಗೆ ಐದಾರು ಎಲೆ, ಎದುರು ಬದುರು ಅಂಟಿಸಿ. ಕೆಳಗಿನ ಗಿಣ್ಣುಗಳಲ್ಲಿ ಒಣಗಿ ಜೋತ ಎಲೆ ಒಂದೆರಡು. ಬುಡದಲ್ಲಿ ರವದಿ (ಉದುರಿದ ಒಣ ಎಲೆ) ಹರಡಿರಲಿ. ಅದಕ್ಕೆ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದ ಕಾಗದದ ಪಟ್ಟಿ ಸಾಕು. ಸೂಲಂಗಿ, ಅಂದರೆ ಕಬ್ಬಿನ ಹೂ, ಹಾಕಬೇಡಿ. ನೋಡಲು ಚೆಂದ, ಆದರೆ ಸೆಪ್ಟೆಂಬರಿನಲ್ಲಿ ಅದು ಬಂದಿರುವುದಿಲ್ಲ.

ಕಬ್ಬನ್ನು ಸಾಲು ಸಾಲಾಗಿಯೇ ನೆಡಿ. ಎರಡು ಎರಡೂವರೆ ಸೆಂಟಿಮೀಟರಿಗೊಂದು ಸಾಲು, ಪ್ರತಿ ಬುಡಕ್ಕೆ ನಾಲ್ಕೈದು ಗಳದ ಹಿಂಡು. ಟ್ಯಾಂಕ್ ಬಂದ ದಾರಿಯಲ್ಲಿ ಕಬ್ಬೆಲ್ಲ ಅದು ಸಾಗಿದ ದಿಕ್ಕಿಗೇ ಮಲಗಿರಲಿ. ಟ್ರ್ಯಾಕಿನ ಅಡಿಗೆ ಸಿಕ್ಕಿದ್ದು ಚಪ್ಪಟೆಯಾಗಿ ನಾರು ನಾರಾಗಿರಬೇಕು, ತೆಂಗಿನ ನಾರಿನ ಚೂರು ಅಲ್ಲಿಗೆ ಹೊಂದುತ್ತದೆ. ಎರಡು ಟ್ರ್ಯಾಕ್‌ಗಳ ನಡುವಿನದು ಬಾಗಿರುತ್ತದೆ, ಪೂರ್ತಿ ಜಜ್ಜಿರುವುದಿಲ್ಲ. ಮುರಿದ ಗಳದ ತುದಿಗೆ ಬಿಳಿ ಹಳದಿ ಚುಕ್ಕಿ ಇಡಿ, ಒಳಗಿನ ತಿರುಳು ಕಾಣಲಿ. ಟ್ಯಾಂಕಿನ ಹಿಂದೆ, ಬೆಂಕಿಯ ಹತ್ತಿರದ ಗಳಗಳ ಎಲೆ ಸುಟ್ಟು ಸುರುಟಿರಲಿ, ಗಳ ಮಾತ್ರ ನಿಂತಿರಲಿ. ಹಸಿ ಕಬ್ಬಿನ ಗಳ ಸುಲಭವಾಗಿ ಉರಿದುಹೋಗುವುದಿಲ್ಲ. ಟರೆಟ್ಟಿನ ಮೇಲೂ, ಫೆಂಡರಿನ ಸಂದಿನಲ್ಲೂ ನಾಲ್ಕಾರು ಎಲೆ ಸಿಕ್ಕಿಕೊಂಡಿರಲಿ.

ನೋಡುವವರ ಕಡೆಯ ಅಂಚಿನಲ್ಲಿ ಎತ್ತರದ ಕಬ್ಬು ನೆಡಬೇಡಿ, ಟ್ಯಾಂಕ್ ಮುಚ್ಚಿಹೋಗುತ್ತದೆ. ಹಿಂದಿನ ಎರಡು ಬದಿಗೆ ದಟ್ಟವಾಗಿರಲಿ. ಗುಂಡು ಬಂದ ಬಲಬದಿಯಲ್ಲಿ ಒಂದು ಸಣ್ಣ ಕಿಂಡಿ ಬಿಡಿ.

ನೀರು

ಕೆಸರು ನೀರು ಪಾರದರ್ಶಕವಲ್ಲ, ಇದು ನಮಗೆ ಅನುಕೂಲ. ಎರಡು ಭಾಗ ಬೆರೆಸುವ ಕ್ಲಿಯರ್ ಎಪಾಕ್ಸಿ ರೆಸಿನ್‌ಗೆ ಮಣ್ಣಿನ ಬಣ್ಣ ಒಂದೆರಡು ಹನಿ ಸೇರಿಸಿ. ಡಬ್ಬಿಯ ಮೇಲಿನ ಪ್ರಮಾಣವನ್ನು ತೂಕ ಮಾಡಿ ಹಿಡಿಯಿರಿ, ಕಣ್ಣಳತೆ ಬೇಡ. ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ. ಹಲಗೆಯ ಅಂಚಿಗೆ ಅಗಲ ಟೇಪ್ ಬಿಗಿಯಾಗಿ ಸುತ್ತಿ ಕಟ್ಟೆ ಮಾಡಿ. ಫೋಮಿನ ಎಲ್ಲ ಸಂದುಗಳನ್ನೂ ಫೆವಿಕಾಲ್‌ನಿಂದ ಮೊದಲೇ ಮುಚ್ಚಿ, ಇಲ್ಲದಿದ್ದರೆ ರಾತ್ರಿಯಿಡೀ ಸೋರುತ್ತದೆ. ಒಂದು ಸಲಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ ಸುರಿಯಿರಿ. ದಪ್ಪ ಸುರಿದರೆ ಬಿಸಿಯಾಗಿ ಫೋಮ್ ಕೆಡುತ್ತದೆ. ಗುಳ್ಳೆಗಳನ್ನು ಸೂಜಿಯಿಂದ ಒಡೆದು, ಧೂಳು ಬೀಳದಂತೆ ಡಬ್ಬಿ ಮುಚ್ಚಿ ಒಂದು ದಿನ ಬಿಡಿ.

ಕರಾವಳಿ, ಮಲೆನಾಡಿನವರು ಈ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಮಾಡುವುದು ಒಳ್ಳೆಯದು. ತೇವಕ್ಕೆ ರೆಸಿನ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಗಟ್ಟಿಯಾದ ಮೇಲೆ ಟ್ಯಾಂಕಿನ ಮೂತಿಯ ಸುತ್ತ ಪೆಟ್ರೋಲ್, ಎಣ್ಣೆಯ ತೆಳು ಪೊರೆ ತೋರಿಸಲು ಹೊಳಪಿನ ವಾರ್ನಿಷ್‌ಗೆ ಕಂದು ಆಯಿಲ್ ಪೇಂಟ್ ಸ್ವಲ್ಪ ಬೆರೆಸಿ ಬಳಿಯಿರಿ. ನೀರಿನ ಅಂಚಿನ ಮಣ್ಣು ಒದ್ದೆಯಾಗಿ ಕಡು ಬಣ್ಣಕ್ಕಿರಬೇಕು, ಮೇಲೆ ಹೋದಂತೆ ತಿಳಿಯಾಗಬೇಕು. ಟ್ಯಾಂಕಿನ ಮೈಮೇಲಿನ ಕೆಸರಿಗೂ ಇದೇ ನಿಯಮ.

ಮನುಷ್ಯರು

ಸತ್ತವರ ಗೊಂಬೆಗಳನ್ನು ನಾನು ಇಡುವುದಿಲ್ಲ. ಆ ಗದ್ದೆಯಲ್ಲಿ ಎರಡೂ ಕಡೆಯವರ ಮನೆ ಮಕ್ಕಳು ಸತ್ತಿದ್ದಾರೆ. ಅದನ್ನು ಮೇಜಿನ ಅಲಂಕಾರ ಮಾಡಲು ನನಗೆ ಮನಸ್ಸು ಬರುವುದಿಲ್ಲ. ತೆರೆದ ಮುಚ್ಚಳ, ಬಿದ್ದ ಹೆಲ್ಮೆಟ್, ಕೆಸರಿನಲ್ಲಿ ಬರಿಗಾಲಿನ ಹೆಜ್ಜೆ ಇಷ್ಟರಲ್ಲೇ ಮನುಷ್ಯರು ಇದ್ದರು ಅಂತ ಗೊತ್ತಾಗುತ್ತದೆ.

ಅಳತೆಗಾಗಿ ಒಬ್ಬ ಇಬ್ಬರು ಭಾರತೀಯ ಜವಾನರು ಇರಲಿ. ಐದು ಸೆಂಟಿಮೀಟರಿನ ಗೊಂಬೆ ಪಕ್ಕದಲ್ಲಿದ್ದರೆ ಟ್ಯಾಂಕ್ ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೈನಿಕರ ಗೊಂಬೆಗಳನ್ನು ತಿದ್ದಿಕೊಳ್ಳಬಹುದು. 1965ರಲ್ಲೂ ನಮ್ಮವರು ಅದೇ ಬಗೆಯ ತಟ್ಟೆಯಾಕಾರದ ಹೆಲ್ಮೆಟ್, ಅದೇ ಬಗೆಯ ಬೆಲ್ಟು ಚೀಲ ಬಳಸುತ್ತಿದ್ದರು. ಸಿಖ್ ಸೈನಿಕನಿಗೆ ಎಂ-ಸೀಲ್‌ನಿಂದ ಪೇಟ ಸುತ್ತಿ. ಬಟ್ಟೆ ಆಲಿವ್ ಹಸಿರು. ಟ್ಯಾಂಕಿನ ಮೇಲೆ ಹತ್ತಿ ಕೈ ಎತ್ತಿ ನಿಂತ ಭಂಗಿಗಿಂತ, ಪಕ್ಕದಲ್ಲಿ ನಿಂತು ಆ ತೂತಿನ ಕಡೆ ನೋಡುವ ಭಂಗಿ ನನಗೆ ಸರಿ ಅನ್ನಿಸುತ್ತದೆ. ನೋಡುವವರ ಕಣ್ಣನ್ನೂ ಅದು ಅಲ್ಲಿಗೇ ಕರೆದೊಯ್ಯುತ್ತದೆ.

ಕೊನೆಯ ತಿದ್ದುಪಡಿ

ಎಲ್ಲ ಒಣಗಿದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಟ್ಯಾಂಕೂ ಕಬ್ಬೂ ಒಂದೇ ಬೂದು ಬಣ್ಣವಾಗಿ ಬೆರೆತುಹೋದರೆ ಕಬ್ಬಿನ ಎಲೆಗಳ ತುದಿಗೆ ತಿಳಿ ಹಳದಿ ಮುಟ್ಟಿಸಿ, ಟ್ಯಾಂಕಿನ ಅಡಿಭಾಗಕ್ಕೆ ಕಡು ಬಣ್ಣವನ್ನು ತೆಳುಮಾಡಿ ಬಳಿಯಿರಿ. ಆಮೇಲೆ ಕಥೆಯ ಹಾಳೆ ಮತ್ತೆ ಓದಿ, ಒಂದೊಂದು ಸಾಲಿಗೂ ಹಲಗೆಯ ಮೇಲೆ ಗುರುತು ಇದೆಯೇ ನೋಡಿ. ಯಾವ ಸಾಲಿಗೂ ಸೇರದ ವಸ್ತು ಏನಾದರೂ ಇದ್ದರೆ, ಎಷ್ಟೇ ಚೆಂದ ಬಂದಿದ್ದರೂ ತೆಗೆಯಿರಿ.

ಹಲಗೆಯ ಅಂಚಿಗೆ ಕಪ್ಪು ಬಣ್ಣ ಬಳಿದು ಹೆಸರಿನ ಪಟ್ಟಿ ಅಂಟಿಸಿ. ಟ್ಯಾಂಕಿನ ಮಾದರಿ ಹೆಸರಿಗಿಂತ ಜಾಗ ಮತ್ತು ದಿನ ಮುಖ್ಯ: ಅಸಲ್ ಉತ್ತರ್, ಸೆಪ್ಟೆಂಬರ್ 1965. ಕಾಗದದ ಎಲೆಗಳ ಮೇಲೆ ಕೂತ ಧೂಳನ್ನು ಒರೆಸಲು ಆಗುವುದಿಲ್ಲ. ಹಾಗಾಗಿ ಅಕ್ರಿಲಿಕ್ ಶೀಟಿನ ಮುಚ್ಚಳ ಮಾಡಿಸಿ. ಗಾಜಿನಂಗಡಿಯಲ್ಲಿ ಅಳತೆ ಕೊಟ್ಟರೆ ಕತ್ತರಿಸಿ ಅಂಟಿಸಿ ಕೊಡುತ್ತಾರೆ. ಎತ್ತರ ಅಳೆಯುವಾಗ ಟರೆಟ್ಟನ್ನು ಮಾತ್ರ ನೋಡಬೇಡಿ, ಕಬ್ಬಿನ ತುದಿಯವರೆಗೆ ಅಳೆದು ಮೇಲೆ ಎರಡು ಸೆಂಟಿಮೀಟರ್ ಬಿಡಿ. ಬಿಸಿಲು ನೇರವಾಗಿ ಬೀಳದ ಗೋಡೆಯ ಕಡೆ ಇಡಿ, ಇಲ್ಲದಿದ್ದರೆ ರೆಸಿನ್ ಹಳದಿಯಾಗುತ್ತದೆ.